ತಿರುಗಿ ನಿಂತ ಕಂಬ

ಹೋದ ವಾರ ತಮ್ಮನ ಹೆಂಡತಿ ರೇಷ್ಮೆ ಸೀರೆ ಒಗೆಯೋಕೆ ಅಂತ ಅಂಟುವಾಳ ನೆನೆಹಾಕಿದ್ದಳು. ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ಒಂದೇ ಗೋಡೆ. ನಾನು ಚಹಾಕ್ಕೆ ನೀರಿಡ್ತಾ ಇದ್ದೆ. ಆ ಹುಳಿಹುಳಿ, ಒಗರು ವಾಸನೆ ಬಂತು ನೋಡಿ, ಸಕ್ಕರೆ ಡಬ್ಬ ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟೆ. ಏನಾಯ್ತು ಆಪಾ ಅಂದಳು. ಏನಿಲ್ಲ, ನಾಳೆ ಭದ್ರಾವತಿ ಕಡೆ ಹೋಗಿ ಬರ್ತೀನಿ ಅಂದೆ. ಅಲ್ಲಿ ಯಾರಿದ್ದಾರೆ ಅಂತ ಕೇಳಿದಳು. ಯಾರೂ ಇಲ್ಲ ಅನ್ನೋದೇ ನಿಜ. ಕೆಲಸ ಇದೆ ಅಂದು ನೀರಿಗೆ ಸಕ್ಕರೆ ಹಾಕಿದೆ.

ನಾನು ನಕ್ಷೆ ಬರೆಯೋಳು. ಹಳೇ ಕಟ್ಟಡಗಳ ರಿಪೇರಿ ಹಿಡಿಯುವ ಒಬ್ಬ ಕಂಟ್ರಾಕ್ಟರ್ ಹತ್ತಿರ ಕೆಲಸ. ಕಟ್ಟಡವನ್ನ ಅಳೆದು, ಕಲ್ಲು ಕಲ್ಲೂ ಹಾಳೆ ಮೇಲೆ ಇಳಿಸಿ ಕೊಡಬೇಕು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳುವ ವಯಸ್ಸೂ ದಾಟಿತು, ಈಗ ಯಾರೂ ಕೇಳೋದಿಲ್ಲ, ಅದೊಂದು ಸುಖ. ಕೆಲವು ವರ್ಷದ ಹಿಂದೆ, ಮಳೆಗಾಲ ಶುರುವಾಗೋಕೆ ಮುಂಚೆ ನಮ್ಮ ಅಮ್ಮಿ ತೀರಿಹೋದಳು. ಕೊನೆಯ ಕೆಲವು ವರ್ಷ ಅವಳ ಊಟ, ಔಷಧಿ, ಸಿಟ್ಟು ಎಲ್ಲ ನನ್ನ ಪಾಲಿಗೇ ಇತ್ತು. ನಮ್ಮ ಮನೆತನದಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗೋದಿಲ್ಲ. ನನ್ನ ತಮ್ಮ ಗೇಟಿನ ಹೊರಗಿಂದಲೇ ಕೈ ಚಾಚಿ, ಆ ಬೇವಿನ ಮರದ ಪಕ್ಕ ಅಂತ ತೋರಿಸಿದ. ಅಲ್ಲಿ ಬೇವಿನ ಮರ ಒಂದಾ ಎರಡಾ. ಯಾವುದು ಅಂತ ಮತ್ತೆ ಕೇಳದೆ ತಲೆ ಆಡಿಸಿ ಬಂದೆ.

ಅದಕ್ಕೇ ಇರಬೇಕು, ಭದ್ರಾವತಿ ಆಚೆ ಹೊಳೆ ದಂಡೆಯ ಹಳ್ಳಿಯೊಂದರಲ್ಲಿ ಈಶ್ವರನ ದೇವಸ್ಥಾನದ ಕೆಲಸ ಬಂದಾಗ, ಆ ಕೊಂಪೆಗೆ ಯಾರು ಹೋಗ್ತಾರೆ ಅಂತ ನಮ್ಮ ಕಂಟ್ರಾಕ್ಟರ್ ಸಾರ್ ಕೇಳೋಕೂ ನಾನು ಹ್ಞೂಂ ಅನ್ನೋಕೂ ಸರಿಹೋಯ್ತು. ಭದ್ರಾವತಿಯ ಕಾಗದನಗರದಲ್ಲಿ ಪರಿಚಯದವರ ಮನೆ ಖಾಲಿ ಬಿದ್ದಿತ್ತು, ಅಲ್ಲೇ ಉಳಿದೆ. ಕಾಗದದ ಕಾರ್ಖಾನೆ ನಿಂತ ಮೇಲೆ ಆ ಸಾಲಿನಲ್ಲಿ ಹೆಚ್ಚಿನ ಮನೆಗಳಿಗೆ ಬೀಗ. ಅಂಗಳದಲ್ಲಿ ಹುಲ್ಲು ಸೊಂಟದ ಮಟ್ಟ. ಬೆಳಿಗ್ಗೆ ಕೂಗುತ್ತಿದ್ದ ಸೈರನ್ನು ಈಗಿಲ್ಲ, ಆದರೂ ಆ ಹೊತ್ತಿಗೆ ಎಚ್ಚರ ಆಗುತ್ತೆ ಅಂತ ಪಕ್ಕದ ಮನೆಯ ಮುದುಕ ಹೇಳುತ್ತಿದ್ದ. ನನಗೂ ಅಂಥದ್ದೇ ರೋಗ. ಅಕ್ಕಿ ಅಳೆಯೋಕೆ ಹೋದರೆ ಕೈ ತಾನಾಗೇ ಇಬ್ಬರಿಗೆ ಹಾಕುತ್ತಿತ್ತು. ಉಳಿದ ಅನ್ನ ಮಾರನೇ ದಿನ ಡಬ್ಬಿಗೆ ತುಂಬಿಕೊಂಡು, ಸ್ಕೂಟಿ ಹತ್ತಿ ದೇವಸ್ಥಾನಕ್ಕೆ ಹೋಗುತ್ತಿದ್ದೆ. ಬಹಳ ಒಂಟಿಯಾಗಿದ್ದೆ. ಮುಚ್ಚುಮರೆ ಏನು, ಟೀವಿಯಲ್ಲಿ ಯಾರೋ ಯಾರಿಗೋ ಬೈದರೂ ಸಾಕು, ಮನೆಯಲ್ಲಿ ದನಿ ಇದೆ ಅನ್ನಿಸುತ್ತಿತ್ತು.

ದೇವಸ್ಥಾನ ಚಿಕ್ಕದು. ದೂರದಿಂದ ನೋಡಿದರೆ ಬಣವೆ ಮೇಲೆ ಟೋಪಿ ಇಟ್ಟ ಹಾಗೆ ಕಾಣುತ್ತಿತ್ತು. ದೇವತೆಗಳು ಒಂದೇ ರಾತ್ರಿಯಲ್ಲಿ ಕಟ್ಟೋಕೆ ಹೊರಟು, ಕೋಳಿ ಕೂಗಿತು ಅಂತ ಅರ್ಧಕ್ಕೇ ಬಿಟ್ಟು ಹೋದರು ಅಂತ ಊರಿನ ಕಥೆ. ನಿಜಕ್ಕೆ ಹೊಯ್ಸಳರ ಕಾಲದ್ದು. ಗರ್ಭಗುಡಿ, ಅದರ ಮುಂದೆ ನಾಲ್ಕು ಕಂಬದ ನವರಂಗ, ಅಂದರೆ ಭಕ್ತರು ಕೂರುವ ನಡುಮನೆ. ಅದರ ಮುಂದೆ ಒರಗಿ ಕೂರೋಕೆ ಕಲ್ಲಿನ ಜಗಲಿ. ಆಮೇಲೆ ಬಂದವರು ತಮ್ಮ ತಮ್ಮ ಬುದ್ಧಿ ಸೇರಿಸಿದ್ದಾರೆ. ಯಾವನೋ ಪಾಳೇಗಾರ ಮೇಲೆ ಚಾವಣಿ ಅಂಚಿಗೆ ಇಟ್ಟಿಗೆ ಗಾರೆಯ ಕೈಪಿಡಿ ಗೋಡೆ ಕಟ್ಟಿಸಿದ. ಒಂದು ಕಾಲದಲ್ಲಿ ಗೋಡೆ ಬಿದ್ದಾಗ, ಹತ್ತಿರ ಸಿಕ್ಕಿದ ವೀರಗಲ್ಲನ್ನೇ ಅಡ್ಡ ಮಲಗಿಸಿ ಮುಚ್ಚಿದ್ದಾರೆ. ಪಾಪ, ಯಾರ ಜೊತೆ ಹೋರಾಡಿ ಸತ್ತನೋ, ಈಗ ಮಗ್ಗುಲಾಗಿ ಕತ್ತಿ ಹಿಡಿದಿದ್ದಾನೆ. ಅದರ ಮೇಲೆ ತಲೆತಲಾಂತರದ ಸುಣ್ಣ. ಮೊನ್ನೆ ಮೊನ್ನೆ ಒಬ್ಬ ಭಕ್ತರು ಗರ್ಭಗುಡಿ ಬಾಗಿಲ ಸುತ್ತ ಬಚ್ಚಲಿಗೆ ಹಾಕುವ ಟೈಲ್ಸ್ ಹಾಕಿಸಿ ಹೆಸರನ್ನೂ ಬರೆಸಿದ್ದರು. ಬಾಗಿಲ ಪಕ್ಕದ ಶಾಸನದಲ್ಲಿ, ದೇವರ ದೀಪಕ್ಕೆ ಎಣ್ಣೆ ತಪ್ಪಬಾರದು ಅಂತ ಒಬ್ಬ ಹೆಂಗಸು ಗದ್ದೆ ಬಿಟ್ಟ ವಿಷಯ ಇದೆ. ಅವಳ ಹೆಸರು ಮಾತ್ರ ಇಲ್ಲ. ಹೆಸರಿದ್ದ ಜಾಗದಲ್ಲೇ ಊರಿನವರು ಕುಡುಗೋಲು ಮಸೆದಿದ್ದಾರೆ.

ಎಲ್ಲಕ್ಕಿಂತ ಚೆಂದ ಆ ನಾಲ್ಕು ಕಂಬ. ಬಳಪದ ಕಲ್ಲನ್ನ ಬುಗುರಿಯ ಹಾಗೆ ತಿರುಗಿಸಿ ಕಡೆದದ್ದು. ಗಂಟೆಯ ಆಕಾರ, ಅದರ ಮೇಲೆ ಬಳೆ ಬಳೆ ಸುತ್ತು, ಮುಖ ಕಾಣುವಷ್ಟು ನುಣುಪು. ಗುಂಡು ಕಂಬಕ್ಕೆ ಹಿಂದೆ ಮುಂದೆ ಅಂತ ಇರೋದಿಲ್ಲ, ಯಾವ ಕಡೆ ನಿಂತರೂ ಅದೇ. ಇದನ್ನು ಯಾಕೆ ಹೇಳ್ತೀನಿ ಅಂದರೆ, ಮುಂದೆ ನಡೆದದ್ದೆಲ್ಲ ಇದರಿಂದಲೇ.

ಬಾಗಿಲ ಕಡೆಯ ಎಡಗಂಬಕ್ಕೆ ಒರಗಿ, ದೇವರ ಕಡೆ ಮುಖ ಮಾಡಿ ಒಬ್ಬ ಮುದುಕಿ ಕೂತಿರುತ್ತಿದ್ದರು. ಗೌರಮ್ಮ. ಗಂಡ ದೇವಸ್ಥಾನದ ದೀಪದ ಕೆಲಸ ನೋಡಿಕೊಳ್ಳುತ್ತಿದ್ದವರು, ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಕ್ಕಳಿಲ್ಲ. ದೇವಸ್ಥಾನದ ಹಿಂದೆ ಒಂದು ಕೋಣೆ, ಅಂಗಳ ಗುಡಿಸೋದು, ಮಧ್ಯಾಹ್ನ ಈ ಕಂಬ, ಇಷ್ಟೇ ಅವರ ಸಂಸಾರ. ತುರುಬು ತಾಗುವ ಕಡೆ ಕಂಬದ ಬಳೆ ಎಣ್ಣೆ ಕುಡಿದು ಕರ್ರಗೆ ಮಿಂಚುತ್ತಿತ್ತು. ಅದು ಅವರ ತಲೆಯದೇ ಎಣ್ಣೆ, ಅಷ್ಟು ವರ್ಷದ್ದು, ಅಂತ ಆಗ ನನಗೆ ಗೊತ್ತಿರಲಿಲ್ಲ. ದೀಪದ ಜಿಡ್ಡು ಅಂದುಕೊಂಡಿದ್ದೆ.

ನಾನು ಸಾಬರ ಪೈಕಿ ಅಂತ ಮೊದಲ ದಿನವೇ ಹೇಳಿದೆ. ಪೂಜೆ ಮಾಡುವ ಅಯ್ಯನವರು, ನವರಂಗದವರೆಗೆ ಎಲ್ಲರೂ ಬರ್ತಾರಮ್ಮ ಅಂದು, ಗರ್ಭಗುಡಿಯ ಅಳತೆಗೆ ಟೇಪಿನ ತುದಿ ತಾವೇ ಹಿಡಿದು ಒಳಗಿಂದ ಮಂತ್ರದ ರಾಗದಲ್ಲೇ ಅಡಿ ಇಂಚು ಕೂಗಿದರು. ಗೌರಮ್ಮ ನಮಾಜಿಗೆ ಯಾವ ಕಡೆ ತಿರುಗ್ತೀರಿ ಅಂತ ಕೇಳಿದರು. ಪಶ್ಚಿಮಕ್ಕೆ ಅಂದೆ. ಇವನೂ ಪಶ್ಚಿಮದಲ್ಲೇ ಕೂತಿದಾನಲ್ಲ, ಕುತ್ತಿಗೆ ತಿರುಗಿಸೋ ಕಷ್ಟ ಇಲ್ಲ ಬಿಡು ಅಂದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವತ್ತಿನಿಂದ ಮಧ್ಯಾಹ್ನದ ಅನ್ನ ಇಬ್ಬರಿಗೂ ಸರಿಯಾಯಿತು.

ಅವರು ಮಾತಿನ ಮಲ್ಲಿ. ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ನಾನು ನಕ್ಷೆ ಮೇಲೆ ಬಗ್ಗಿ ಮರೆತೆನೋ, ಕಥೆ ಅಲ್ಲೇ ನಿಲ್ಲುತ್ತಿತ್ತು.

"ಹ್ಞೂಂ ಅನ್ನು ಮಾರಾಯ್ತಿ. ಹ್ಞೂಂ ಅನ್ನೋರಿಲ್ದಿದ್ರೆ ಕಲ್ಲಿಗೆ ಹೇಳಿದ ಹಾಗಾಗುತ್ತೆ."

ನಾನು ಇಲ್ಲದಿದ್ದಾಗ ಕಲ್ಲಿಗೇ ಹೇಳ್ತಿದ್ರಲ್ಲ ಅಂದರೆ ನಗುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಬಿಚ್ಚುವ ಕೆಲಸ ಶುರುವಾಯಿತು. ಗದ್ದೆಗೆ ಹೋಗುವ ಚಾನಲ್ಲಿನ ನೀರು ಒಳಗೊಳಗೇ ಒಸರಿ ನವರಂಗದ ಒಂದು ಮಗ್ಗುಲು ಕುಸಿದಿತ್ತು. ಗರ್ಭಗುಡಿ ಗಟ್ಟಿಯಿತ್ತು, ಅದನ್ನು ಮುಟ್ಟಲಿಲ್ಲ. ನವರಂಗವನ್ನ ಮಾತ್ರ ಪೂರ್ತಿ ಬಿಚ್ಚಿ, ಅಡಿಪಾಯ ಕಟ್ಟಿ, ಮತ್ತೆ ಅದೇ ಕಲ್ಲು ಅದೇ ಜಾಗಕ್ಕೆ ಕೂರಿಸಬೇಕು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ್ದು, ಅದಕ್ಕೇ ಬಿಚ್ಚೋಕೂ ಬಂತು. ಭದ್ರಾವತಿಯ ಸೆಲ್ವಂ ಮೇಸ್ತ್ರಿ ಚೈನ್ ಪುಲ್ಲಿ ಕಟ್ಟಿ, ಒಂದೊಂದೇ ಕಲ್ಲನ್ನ ಕೂಸನ್ನು ತೊಟ್ಟಿಲಿಂದ ಎತ್ತಿದ ಹಾಗೆ ಇಳಿಸಿದ. ಪಕ್ಕದ ಹೊಲದಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ಕಲ್ಲಿಗೆ ಆಯಿಲ್ ಪೇಂಟ್ ಬಳಿಯಬಾರದು ಅಂತ ಕಟ್ಟಪ್ಪಣೆ ಇತ್ತು. ಹಾಗಾಗಿ ಕೆಮ್ಮಣ್ಣಲ್ಲಿ ನಂಬರ್ ಬರೆದೆ. ಕಂಬಗಳಿಗೆ ನಂಬರಿನ ಜೊತೆ ಒಂದು ಬಾಣ ಕೂಡ, ದೇವರ ಕಡೆ ಇದ್ದ ಮುಖ ಇದು ಅಂತ.

ಗೌರಮ್ಮ ದಿನಾ ಹೊಲಕ್ಕೆ ಬಂದು ಮಲಗಿದ ಕಂಬದ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಒರಗೋಕೆ ಏನೂ ಇಲ್ಲದೆ ಅವರು ಒಂದು ಸುತ್ತು ಸಣ್ಣಗಾದ ಹಾಗೆ ಕಾಣುತ್ತಿದ್ದರು. ಇದು ಎಲ್ಲಿತ್ತೋ ಅಲ್ಲೇ ನಿಲ್ಲುತ್ತಲ್ವ ಅಂತ ಕೇಳುತ್ತಿದ್ದರು. ಅಲ್ಲೇ ನಿಲ್ಲುತ್ತೆ, ನಾನಿದ್ದೀನಲ್ಲ ಅನ್ನುತ್ತಿದ್ದೆ. ಇದೇ ಪ್ರಶ್ನೆ, ಇದೇ ಉತ್ತರ, ದಿನವೂ.

ಶಿವರಾತ್ರಿ ಹತ್ತಿರ ಬಂತು. ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಅಂತ ನಾನು ಶಿವಮೊಗ್ಗಕ್ಕೆ ಹೋದೆ, ಸೆಲ್ವಂ ಅವನ ನೆಂಟರ ಮದುವೆಗೆ ಹೋದ. ಶಿವರಾತ್ರಿ ಮುಂಚೆ ಊರಿನ ಹೆಂಗಸರೆಲ್ಲ ಸೇರಿ ಅಂಟುವಾಳದ ನೀರಲ್ಲಿ ದೇವಸ್ಥಾನ ತೊಳೆಯೋದು ಆ ಊರಿನ ಪದ್ಧತಿ. ನೆಲ, ಗೋಡೆ, ಕಂಬ, ಕೈಗೆ ಎಟುಕಿದ್ದೆಲ್ಲ. ಆ ವರ್ಷ ಎಲ್ಲ ಕೈಗೆ ಎಟುಕುವ ಹಾಗೇ ಇತ್ತು, ನೆಲದ ಮೇಲೆ ಮಲಗಿತ್ತಲ್ಲ.

ನಾನು ವಾಪಸ್ ಬಂದಾಗ ಹೊಲದ ತುಂಬ ಅಂಟುವಾಳದ ವಾಸನೆ. ಕಲ್ಲುಗಳು ಬಿಸಿಲಿಗೆ ಪಳಪಳ ಅಂತಿದ್ದವು. ಒಂದೊಂದಕ್ಕೂ ವಿಭೂತಿ ಪಟ್ಟೆ, ಮೇಲೊಂದು ತುಂಬೆ ಹೂವು. ನಂಬರ್ ಇಲ್ಲ. ಬಾಣ ಇಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ, ತೆಂಗಿನ ನಾರೇ ಸಾಕಾಯ್ತು. ವಾಚ್‌ಮನ್ ಎಲ್ಲಿ ಸತ್ತಿದ್ದ ಅಂತ ಕಿರುಚಿದೆ. ಅವನೇ ನೀರು ಹೊತ್ತು ಕೊಟ್ಟಿದ್ದನಂತೆ. ಗೌರಮ್ಮ ಒದ್ದೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದರು. ಮುಖದಲ್ಲಿ ಎಂಥ ಖುಷಿ ಅಂತೀರಿ.

"ನೋಡು ನೂರಮ್ಮ, ಎಲ್ಲ ತೊಳೆದ್ವಿ. ದೇವರ ಮನೆ ನಿಂತಿದ್ರೂ ಮನೆನೇ, ಮಲಗಿದ್ರೂ ಮನೆನೇ. ಕೆಲಸದವರು ಕೆಮ್ಮಣ್ಣು ಮೆತ್ತಿಬಿಟ್ಟಿದ್ರು, ಉಜ್ಜಿ ಉಜ್ಜಿ ತೆಗೆದ್ವಿ."

ಅವರಿಗೆ ಓದು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಕೂತೆ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರು ಗಾಬರಿಯಾಗಿ, ಅಮ್ಮ ನೆನಪಾದಳಾ ಅಂತ ಕೇಳಿ ಬೆನ್ನು ಸವರಿದರು. ಅಮ್ಮಿ ಹೋದ ಮೇಲೆ ನನ್ನ ಬೆನ್ನನ್ನ ಯಾರೂ ಮುಟ್ಟಿರಲಿಲ್ಲ.

ಗೋಡೆ ಕಲ್ಲು, ತೊಲೆ, ಚಪ್ಪಡಿಗಳದ್ದು ಅಷ್ಟು ಕಷ್ಟ ಆಗಲಿಲ್ಲ. ಫೋಟೋ ಇತ್ತು, ನಕ್ಷೆ ಇತ್ತು, ಪ್ರತಿ ಕಲ್ಲಿಗೂ ಒಂದು ಆಕಾರ ಇತ್ತು. ನಾಲ್ಕು ಕಂಬಗಳ ಎತ್ತರದಲ್ಲಿ ಬೆರಳಗಲ ವ್ಯತ್ಯಾಸ ಇದ್ದದ್ದರಿಂದ ಯಾವ ಕಂಬ ಯಾವ ಮೂಲೆಗೆ ಅನ್ನೋದೂ ಪಕ್ಕಾ ಆಯಿತು. ಯಾವ ಮುಖ ಯಾವ ಕಡೆ ಅನ್ನೋದೊಂದೇ ಗೊತ್ತಾಗಲಿಲ್ಲ. ಬುಡ ಚೌಕ, ನಾಲ್ಕು ಕಡೆಗೂ ಕೂರುತ್ತದೆ. ಗುಂಡು ಕಂಬಕ್ಕೆ ಯಾವ ಕಡೆಯಾದರೇನು ಅಂದರು ಸಾರ್. ಸೆಲ್ವಂ ಅದನ್ನೇ ಅಂದ. ನನಗೂ ಹಾಗೇ ಅನ್ನಿಸಿತು. ಆ ಎಣ್ಣೆ ಕಲೆ ಉಳಿದಿದ್ದರೆ ಹೇಳಿಬಿಡುತ್ತಿತ್ತು, ಆದರೆ ವರ್ಷ ವರ್ಷ ತೊಳೆದರೂ ಹೋಗದ ಅದು, ಈ ಸಲ ಕೆಮ್ಮಣ್ಣು ತೆಗೆಯೋಕೆ ಉಜ್ಜಿದ ಭರಕ್ಕೆ ಹೋಗಿಬಿಟ್ಟಿತ್ತು.

ಕೇಳೋಣ ಅಂದರೆ ಗೌರಮ್ಮ ಊರಲ್ಲಿರಲಿಲ್ಲ. ಕಣ್ಣಿನ ಪೊರೆ ತೆಗೆಸೋಕೆ ಅಂತ ಅವರ ಅಕ್ಕನ ಮಗಳು ಭದ್ರಾವತಿಗೆ ಕರೆದುಕೊಂಡು ಹೋಗಿದ್ದಳು. ಧೂಳು, ಹೊಗೆ ಆಗಬಾರದು ಅಂತ ಬೇಸಿಗೆ ಪೂರ್ತಿ ಅಲ್ಲೇ ಇಟ್ಟುಕೊಂಡಳು. ಅವರು ಇದ್ದಿದ್ದರೂ, ಇದನ್ನ ಕೇಳಬೇಕು ಅಂತ ಯಾರಿಗೆ ಹೊಳೆಯುತ್ತಿತ್ತು ಹೇಳಿ. ಆ ಬೇಸಿಗೆ ಕಳೆಯೋದೇ ಕಷ್ಟವಾಯ್ತು. ಅನ್ನ ಮತ್ತೆ ಉಳಿಯತೊಡಗಿತು. ಮಧ್ಯಾಹ್ನ ಕಲ್ಲು ಕಾದು, ಸೆಲ್ವಂನ ಆಳುಗಳು ತಮಿಳಲ್ಲಿ ಜಗಳ ಆಡ್ತಾ ಮರದ ಕೆಳಗೆ ಮಲಗಿದಾಗ, ನಾನು ಹೊಂಗೆ ಮರದ ಬುಡದಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿ, ಯಾವುದಾದರೂ ಕಥೆ ಕೇಳಿಸುತ್ತದೇನೋ ಅನ್ನುವವಳ ಹಾಗೆ ಕೂರುತ್ತಿದ್ದೆ.

ಮೊದಲ ಮಳೆ ಬೀಳೋಕೆ ಮುಂಚೆ ಚಾವಣಿ ಕೂತಿತು. ಅದರ ಮಾರನೇ ವಾರ ಗೌರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು. ಮನೆ ಬೀಗವನ್ನೂ ತೆಗೆಯದೆ ನೇರ ನವರಂಗಕ್ಕೆ ಬಂದರು. ತಲೆ ಎತ್ತಿ ಸುತ್ತಲೂ ನೋಡಿ, ಎಷ್ಟು ಬೆಳಕಾಗಿದೆ ಅಂದರು. ಬೆಳಕು ಚಾವಣಿಯದ್ದಲ್ಲ, ಅವರ ಕಣ್ಣಿನದ್ದು. ಆಮೇಲೆ ತಮ್ಮ ಕಂಬಕ್ಕೆ ಒರಗಿ ಕೂತು, ಕೈಯನ್ನ ಕುತ್ತಿಗೆ ಹಿಂದೆ ಹಾಕಿ ಏನನ್ನೋ ತಡಕಿದರು. ಮತ್ತೆ ತಡಕಿದರು. ಎದ್ದು ಬಲಗಂಬಕ್ಕೆ ಹೋದರು, ಮುಂದಿನ ಎರಡನ್ನೂ ಸುತ್ತಿದರು. ತಿರುಗಿ ಮೊದಲಿನದಕ್ಕೇ ಬಂದು, ಮೊಣಕಾಲೂರಿ, ಕಂಬವನ್ನ ಸವರುತ್ತಾ ಅದರ ಹಿಂದಕ್ಕೆ, ಬಾಗಿಲ ಕಡೆಗೆ ಹೋದರು. ಅಲ್ಲಿ ಕೈ ನಿಂತಿತು.

"ಇದೇ ನನ್ನ ಕಂಬ. ಆದ್ರೆ ತಿರುಗಿ ನಿಂತಿದೆ ನೂರಮ್ಮ."

ನಾನೂ ಬೆರಳಿಟ್ಟು ನೋಡಿದೆ. ಬಳೆಯ ಅಂಚಲ್ಲಿ ಒಂದು ಸಣ್ಣ ಮುಕ್ಕು, ಹೆಬ್ಬೆರಳ ತುದಿ ಕೂರುವಷ್ಟು. ಕಣ್ಣಿಗೆ ಕಾಣೋದೇ ಇಲ್ಲ, ಮೊದಲು ಎಣ್ಣೆ ಜಿಡ್ಡಿನಲ್ಲಿ ಮುಚ್ಚಿಹೋಗಿತ್ತು. ಗೌರಮ್ಮ ಹೊಸ ಮದುಮಗಳಾಗಿ ಈ ನವರಂಗಕ್ಕೆ ಕಾಲಿಟ್ಟ ದಿನ, ಗಂಡ ಅವರನ್ನೇ ನೋಡ್ತಾ ಕಬ್ಬಿಣದ ದೀಪದ ಕಂಬ ಎತ್ತಿಕೊಂಡು ಬಂದು ಇದಕ್ಕೆ ಗುದ್ದಿದರಂತೆ. ದೇವರ ಕಂಬ ಮುಕ್ಕು ಮಾಡಿದ ಅಂತ ಊರೆಲ್ಲ ಬೈದರೂ ಆತ ನಗುತ್ತಿದ್ದರಂತೆ. ಗಂಡನದ್ದು ಅಂತ ಒಂದು ಫೋಟೋ ಕೂಡ ಇಲ್ಲ. ಈ ಮುಕ್ಕಿಗೆ ತುರುಬು ಕೊಟ್ಟು ಕೂತರೆ ಆತ ಹಿಂದೆ ಕೂತ ಹಾಗೆ, ಹ್ಞೂಂ ಅಂದ ಹಾಗೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ದೇವರ ಮುಂದೆ ಕೂತು ಗಂಡನ ಜೊತೆ ಮಾತಾಡ್ತಾಳೆ ಅಂತ ಜನ ಆಡಿಕೊಳ್ಳುತ್ತಾರೆ ಅಂತ.

"ತಿರುಗಿಸೋಕಾಗುತ್ತಾ?" ಅಂದರು.

ನೀವು ತೊಳೆದ ಆ ಕೆಮ್ಮಣ್ಣೇ ನನ್ನ ಗುರುತಾಗಿತ್ತು ಅಂತ ಹೇಳಿ, ನಾನು ಸೆಲ್ವಂ ಹತ್ತಿರ ಓಡಿದೆ. ಅವನು ಮೇಲೆ ನೋಡಿದ, ನನ್ನನ್ನ ನೋಡಿದ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಚಪ್ಪಡಿ, ಅದರ ಮೇಲೆ ಗಾರೆ. ಇಡೀ ಚಾವಣಿಯನ್ನ ಮತ್ತೆ ಬಿಚ್ಚಬೇಕು ಮೇಡಂ ಅಂದ. ಸಾರ್‌ಗೆ ಫೋನ್ ಮಾಡಿದೆ, ಬೇಡಿಕೊಂಡೆ, ಬೈಸಿಕೊಂಡೆ. ವಾಪಸ್ ಬಂದಾಗ ನನ್ನ ಮುಖ ನೋಡಿಯೇ ಗೌರಮ್ಮನಿಗೆ ಗೊತ್ತಾಯಿತು. ಬಿಡು, ನಾನೇ ಅಲ್ವ ತೊಳೆದದ್ದು, ಅಂದರು.

ದೇವರಿಗೆ ಬೆನ್ನು ತೋರಿಸಿ ಕೂರುವ ಹಾಗಿಲ್ಲ. ಅದು ಅವರ ಜೀವದಲ್ಲೇ ಇಲ್ಲದ ಕೆಲಸ. ಹಾಗಂತ ಮುಂಚಿನ ಹಾಗೆ ಕೂತರೆ ಮುಕ್ಕು ಆ ಕಡೆ. ಎರಡು ಮೂರು ದಿನ ನೋಡಿದೆ. ದೇವರ ಕಡೆ ಮುಖ ಮಾಡಿ ಕೂತು, ಒಂದು ಕೈಯನ್ನ ಹಿಂದಕ್ಕೆ ಕಂಬದ ಸುತ್ತ ಚಾಚುತ್ತಿದ್ದರು. ಭುಜ ಹಿಡಿದಿತ್ತು, ಕೈ ಗಿಡ್ಡ, ಅರ್ಧಕ್ಕೇ ನಿಲ್ಲುತ್ತಿತ್ತು. ಕಥೆಯೂ ಇಲ್ಲ, ಮಾತೂ ಇಲ್ಲ. ಆಮೇಲೊಂದು ಮಧ್ಯಾಹ್ನ ಮಳೆ ಜೋರಾಗಿ ಹಿಡಿದಿತ್ತು. ನಾನು ಡಬ್ಬಿ ಹಿಡಿದು ಅವರ ಪಕ್ಕ ಕೂರೋಕೆ ಹೋದೆ. ಅವರು ಬೇಡ ಅಂದರು.

"ನೀನು ಆ ಕಡೆ ಕೂತ್ಕೋ, ಬಾಗಿಲ ಕಡೆ. ಅವರು ಅಲ್ಲಿ ಒಬ್ಬರೇ ಆಗಿಬಿಟ್ಟಿದ್ದಾರೆ."

ಹೋಗಿ ಕೂತೆ. ಮುಕ್ಕು ನನ್ನ ಕತ್ತಿಗೆ ತಾಗಿತು. ಕಲ್ಲು ತಣ್ಣಗಿತ್ತು. ಅಯ್ಯನವರು ಬಂದು ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಂಬದ ಆ ಕಡೆಯಿಂದ ದನಿ ಬಂತು. ಗೌರಮ್ಮ ಕಥೆ ಶುರು ಮಾಡಿದ್ದರು, ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳ ಕಥೆ. ನಾನು ಈ ಕಡೆಯಿಂದ ಹ್ಞೂಂ ಅಂದೆ. ಹಾಗೆ ಹೇಳುತ್ತಾ ಹೇಳುತ್ತಾ, ಅಮ್ಮಿಯ ಗೋರಿ ನೋಡೋಕೆ ಬಿಡಲ್ವಾ ನಿಮ್ಮಲ್ಲಿ ಅಂತ ಕೇಳಿದರು. ನಾನು ಯಾವತ್ತೋ ಒಂದು ಸಲ ಹೇಳಿದ್ದೆ, ನೆನಪಿಟ್ಟುಕೊಂಡಿದ್ದರು. ಇಲ್ಲ ಅಂದೆ. "ಇಷ್ಟು ದಪ್ಪ ಕಂಬ ಇದೆ, ನಿಮ್ಮಮ್ಮಂಗೂ ಇಲ್ಲೇ ಜಾಗ ಆಗುತ್ತೆ, ಕರ್ಕೊಂಡು ಬಾ" ಅಂದರು. ನಾನು ಅತ್ತದ್ದು ಅವರಿಗೆ ಕಾಣಲಿಲ್ಲ. ನಡುವೆ ಕಲ್ಲು ಇತ್ತು.

ಕೆಲಸ ಮುಗಿಯುವವರೆಗೆ ದಿನವೂ ಹಾಗೇ ಕೂತೆವು. ಆಮೇಲೆ ನನ್ನನ್ನ ಬೇರೆ ಊರಿಗೆ ಹಾಕಿದರು. ಹೊರಡುವ ದಿನ ಗೌರಮ್ಮ ತುರುಬಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು. ಬರ್ತೀನಿ ಅಂದೆ. ಬಾ ಅಂದರು. ಎರಡು ಸಲ ಹೋಗಿದ್ದೆ, ಮತ್ತೆ ಹೋಗೋಕಾಗಲಿಲ್ಲ. ಹೋದ ವರ್ಷ ಅಯ್ಯನವರು ಫೋನ್ ಮಾಡಿ, ಗೌರಮ್ಮ ಹೋದರು ಅಂದರು.

ಮೊನ್ನೆ, ಆ ಅಂಟುವಾಳದ ವಾಸನೆ ಬಂದ ಮಾರನೇ ದಿನ, ಹೋದಾಗ ದೇವಸ್ಥಾನದ ಮುಂದೆ ಹೊಸ ಬೋರ್ಡು ಇತ್ತು. ಕಾಲ, ಶೈಲಿ, ನಾಲ್ಕು ಕಡೆದ ಕಂಬಗಳು ಮೂಲ ಸ್ಥಿತಿಯಲ್ಲೇ ಇವೆ ಅಂತ ಬರೆದಿದ್ದಾರೆ. ಓದಿ ಒಳಗೆ ಹೋದೆ. ಯಾರೂ ಇರಲಿಲ್ಲ, ಒಳಗೆ ದೀಪ ಒಂದು ಉರಿಯುತ್ತಿತ್ತು. ಎಡಗಂಬದ ದೇವರ ಕಡೆ, ಗೌರಮ್ಮನ ತುರುಬಿನ ಎತ್ತರಕ್ಕೆ, ಒಂದು ಎಣ್ಣೆ ಕಲೆ. ಹೊಸದು, ಕಂಬ ತಿರುಗಿ ನಿಂತ ಮೇಲೆ ಕೂತದ್ದು. ವರ್ಷ ವರ್ಷ ತೊಳೆದರೂ ತೆಳುವಾಗಿ ಉಳಿದಿದೆ. ನಾನು ನನ್ನ ಹಳೇ ಜಾಗಕ್ಕೆ ಹೋಗಲಿಲ್ಲ. ಅವರ ಜಾಗದಲ್ಲೇ ಕೂತೆ, ಪಶ್ಚಿಮಕ್ಕೆ ಮುಖ ಮಾಡಿ. ಕಂಬಕ್ಕೆ ಭುಜ ಕೊಟ್ಟು ಕೈಯನ್ನ ಹಿಂದಕ್ಕೆ ಸುತ್ತ ಚಾಚಿದೆ. ನನ್ನ ಕೈ ಅವರದಕ್ಕಿಂತ ಉದ್ದ. ಬೆರಳಿಗೆ ಮುಕ್ಕು ಸಿಕ್ಕಿತು.

"ಸಿಕ್ತು ಗೌರಮ್ಮ" ಅಂದೆ. ಆಮೇಲೆ, ಇವಳು ಅಮ್ಮಿ, ಕರ್ಕೊಂಡು ಬಂದಿದ್ದೀನಿ, ಅಂತಲೂ ಹೇಳಿದೆ.

ಸುಮಾರು ಹೊತ್ತು ಕಾದೆ. ಆ ಕಡೆಯಿಂದ ಯಾರೂ ಹ್ಞೂಂ ಅನ್ನಲಿಲ್ಲ.